ಅಧಿಕೃತ ತಾಣವೆಂದರೆ ಸಾಕೇ?

‘ತಂತ್ರಾಂಶವನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ’ ಎಂಬ ಸಲಹೆಯನ್ನು ನೀವು ಓದಿರುತ್ತೀರಿ, ಬೋಧಿಸಿಯೂ ಇರುತ್ತೀರಿ. ಸಲಹೆ ಸರಿಯೇ, ಆದರೆ ಅಪೂರ್ಣ.

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಕಾರ್ಯಾಚರಣ ವ್ಯವಸ್ಥೆಯ ಅಧಿಕೃತ ತಾಣಕ್ಕೇ ಕನ್ನ ಹಾಕಲಾಯಿತು. 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು, ಹಿಂಬಾಗಿಲು ಅಳವಡಿಸಿದ ನಕಲಿ ಕಡತದತ್ತ ತಿರುಗಿಸಲಾಯಿತು. ಸರಿಯಾದ ವಿಳಾಸಕ್ಕೆ ಹೋದವರೇ ಮೋಸಹೋದರು.

ಕಡತದ ಜೊತೆ ‘ಚೆಕ್‌ಸಮ್’ ಪ್ರಕಟಿಸುವ ರೂಢಿಯಿದೆಯಲ್ಲ ಎನ್ನಬಹುದು. ಎಸ್‌ಎಚ್‌ಎ-256 ವಿಧಾನದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, 64 ಅಂಕಿ-ಅಕ್ಷರಗಳ ಚೆಕ್‌ಸಮ್ ದೊರೆಯುತ್ತದೆ. ಕಡತದ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಪತ್ತೆಹಚ್ಚಲು ಇದು ಸಾಕು. ಆದರೆ ಪುಟದಲ್ಲಿನ ಕೊಂಡಿಯನ್ನು ಬದಲಿಸಬಲ್ಲ ಕಳ್ಳ, ಅದೇ ಪುಟದ ಚೆಕ್‌ಸಮ್ಮನ್ನೂ ಬದಲಿಸಬಲ್ಲ!

ಆದ್ದರಿಂದ ಚೆಕ್‌ಸಮ್‌ಗೆ ತಯಾರಕರ ಡಿಜಿಟಲ್ ಸಹಿ ಇದೆಯೇ ನೋಡಿ. ಸಹಿಯನ್ನು ಪರೀಕ್ಷಿಸುವ ಬಹಿರಂಗ ಕೀಲಿಯ ಗುರುತನ್ನು ಬೇರೊಂದು ನಂಬಲರ್ಹ ಮೂಲದೊಡನೆ ತಾಳೆ ನೋಡಿ. ಶಾಲೆಯ ಗಣಕ ಕೊಠಡಿಯಲ್ಲಿ ಒಂದೇ ಪ್ರತಿಯಿಂದ ಎಲ್ಲ ಯಂತ್ರಗಳಿಗೂ ತಂತ್ರಾಂಶ ಅಳವಡಿಸುವುದುಂಟು. ಆ ಪ್ರತಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಹಾಗಾಗಿ ‘ಎಲ್ಲಿಂದ ಬಂತು?’ ಎಂಬುದರ ಜೊತೆಗೆ ‘ಅದೇ ಬಂದಿದೆಯೇ?’ ಎಂದು ಕೇಳುವುದನ್ನೂ ವಿದ್ಯಾರ್ಥಿಗಳಿಗೆ ಕಲಿಸಿ.