ಉರಿಯುವ ಹಡಗಿಗೆ ಮರಳಿದವರು

ಯುದ್ಧದ ಸಿನಿಮಾ ಎಂದರೆ ಬಂದೂಕು ಹಿಡಿದವನ ಸಿನಿಮಾ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಯುದ್ಧದ ವಿಮಾನಗಳಿಗೆ ಪೆಟ್ರೋಲು ಹೊತ್ತು ತಂದವರ ಕಥೆ ಹೇಳಿದ ಚಿತ್ರಗಳು ಬೆರಳೆಣಿಕೆಯಷ್ಟು. 1943ರಲ್ಲಿ ಬ್ರಿಟನ್ನಿನ ಈಲಿಂಗ್ ಸ್ಟುಡಿಯೊ ತಯಾರಿಸಿದ ‘ಸ್ಯಾನ್ ಡಿಮೆಟ್ರಿಯೊ ಲಂಡನ್’ ಅವುಗಳಲ್ಲಿ ಒಂದು. ನಿರ್ಮಾಪಕ ಮೈಕೇಲ್ ಬಾಲ್ಕನ್, ನಿರ್ದೇಶಕ ಚಾರ್ಲ್ಸ್ ಫ್ರೆಂಡ್. ಫ್ರೆಂಡ್ ಕಾಯಿಲೆ ಬಿದ್ದಾಗ ರಾಬರ್ಟ್ ಹೇಮರ್ ಸ್ವಲ್ಪ ಭಾಗವನ್ನು ನಿರ್ದೇಶಿಸಿದರು.

ಕಥೆ ನಡೆದದ್ದೇ. 1940ರ ನವೆಂಬರ್ 5ರಂದು ಅಟ್ಲಾಂಟಿಕ್ ಸಾಗರದ ನಡುವೆ ಎಚ್‌ಎಕ್ಸ್ 84 ಎಂಬ ಹಡಗುಸಾಲಿನ ಮೇಲೆ ಜರ್ಮನಿಯ ಯುದ್ಧನೌಕೆ ‘ಅಡ್ಮಿರಲ್ ಶೇರ್’ ಎರಗಿತು. ಬೆಂಗಾವಲಿಗಿದ್ದದ್ದು ಒಂದೇ ಹಡಗು, ಹಳೆಯ ಫಿರಂಗಿಗಳನ್ನು ಕೂರಿಸಿದ್ದ ‘ಜರ್ವಿಸ್ ಬೇ’. ಅದರ ಕ್ಯಾಪ್ಟನ್ ಫೇಗನ್ ಅದನ್ನು ನೇರ ಶತ್ರುವಿನತ್ತಲೇ ತಿರುಗಿಸಿ, ಉಳಿದ ಹಡಗುಗಳಿಗೆ ಚದುರಿಹೋಗಲು ಸಮಯ ದೊರಕಿಸಿಕೊಟ್ಟು ಹಡಗಿನೊಂದಿಗೇ ಮುಳುಗಿದ. ಅದೇ ಹಡಗುಸಾಲಿನಲ್ಲಿದ್ದ ಟ್ಯಾಂಕರ್ ‘ಸ್ಯಾನ್ ಡಿಮೆಟ್ರಿಯೊ’ದ ಒಡಲಲ್ಲಿದ್ದದ್ದು 11,200 ಟನ್ ವಿಮಾನದ ಪೆಟ್ರೋಲು. ಗುಂಡು ಬಿದ್ದು ಬೆಂಕಿ ಹತ್ತಿತು, ಎಲ್ಲರೂ ದೋಣಿಗಳಿಗೆ ಇಳಿದರು. ಒಂದು ದೋಣಿಯಲ್ಲಿದ್ದ ಹದಿನಾರು ಮಂದಿಗೆ ಮರುದಿನ ಅದೇ ಹಡಗು ಇನ್ನೂ ಉರಿಯುತ್ತ ತೇಲುವುದು ಕಂಡಿತು. ಚಳಿಗೆ ಹೆಪ್ಪುಗಟ್ಟುತ್ತಿದ್ದ ಅವರು ಮತ್ತೊಂದು ರಾತ್ರಿ ದೋಣಿಯಲ್ಲೇ ಕಳೆದು, ಕೊನೆಗೆ ಆ ಹಡಗನ್ನೇ ಹತ್ತಿದರು.

ಚಿತ್ರದ ಮೊದಲ ಭಾಗ ನನಗೆ ರುಚಿಸಲಿಲ್ಲ. ಕಾಳಗದ ದೃಶ್ಯಗಳಲ್ಲಿ ಸ್ಟುಡಿಯೊದ ತೊಟ್ಟಿ, ಮಾದರಿ ಹಡಗುಗಳು ಎದ್ದು ಕಾಣುತ್ತವೆ. ಟೆಕ್ಸಾಸಿನಿಂದ ಸೇರಿಕೊಂಡ ‘ಯಾಂಕ್’ ಪ್ರೆಸ್ಟನ್‌ನ (ರಾಬರ್ಟ್ ಬೀಟಿ) ಪಾತ್ರದಲ್ಲಿ ಅಮೆರಿಕದ ಪ್ರೇಕ್ಷಕರನ್ನು ಒಲಿಸಿಕೊಳ್ಳುವ ಆಸೆ ಕಾಣುತ್ತದೆ. ಅಲ್ಲಿಯವರೆಗೆ ಇದು ಆ ಕಾಲದ ಪ್ರಚಾರಚಿತ್ರಗಳಲ್ಲಿ ಇನ್ನೊಂದು, ಅಷ್ಟೆ.

ಹದಿನಾರು ಜನ ಹಡಗಿಗೆ ಮರಳಿದ ಮೇಲೆ ಚಿತ್ರದ ಉಸಿರೇ ಬದಲಾಗುತ್ತದೆ. ಅಲ್ಲಿಂದ ಮುಂದೆ ಬರೀ ಕೆಲಸ. ಬೆಂಕಿ ಆರಿಸಬೇಕು. ಚೂರುಗಳು ತೂರಿದ ಡೆಕ್ಕಿನ ತೂತುಗಳಿಂದ ಪೆಟ್ರೋಲು ಉಕ್ಕುತ್ತಿದೆ, ಅವನ್ನು ಮುಚ್ಚಬೇಕು. ಒಂದೇ ಒಂದು ಕಿಡಿ ಹಾರಿದರೂ ಎಲ್ಲ ಮುಗಿಯುವ ಜಾಗದಲ್ಲಿ ಬಾಯ್ಲರ್ ಹೊತ್ತಿಸಿ ಪಂಪು, ಎಂಜಿನ್ ಓಡಿಸಬೇಕು. ದಿಕ್ಸೂಚಿ, ನಕ್ಷೆ, ವೈರ್‌ಲೆಸ್ ಎಲ್ಲ ಸುಟ್ಟುಹೋಗಿವೆ. ಮೋಡದ ಸಂದಿಯಲ್ಲಿ ಕಂಡಷ್ಟು ಸೂರ್ಯ, ಕಂಡಷ್ಟು ನಕ್ಷತ್ರ ನಂಬಿ ಹಡಗು ನಡೆಸಬೇಕು. ಚೀಫ್ ಎಂಜಿನಿಯರ್ ಪೊಲಾರ್ಡ್ ಆಗಿ ವಾಲ್ಟರ್ ಫಿಟ್ಸ್‌ಜೆರಾಲ್ಡ್ ಯಂತ್ರವನ್ನು ನೋಡುವ ನೋಟದಲ್ಲಿ ವರ್ಷಗಟ್ಟಲೆ ಅದರೊಂದಿಗೆ ಬಾಳಿದವನ ಸಲಿಗೆಯಿದೆ. ಸೆಕೆಂಡ್ ಆಫೀಸರ್ ಹಾಕಿನ್ಸ್ (ರಾಲ್ಫ್ ಮೈಕೇಲ್) ಆಜ್ಞೆ ಹೊರಡಿಸುವುದಕ್ಕಿಂತ ಜೊತೆಗಿರುವವರನ್ನು ಕೇಳಿ ಮುಂದುವರಿಯುತ್ತಾನೆ. ಸಾಹಸವನ್ನು ಒಬ್ಬ ನಾಯಕನ ಹೆಗಲಿಗೆ ಹಾಕದೆ ಹದಿನಾರು ಜೊತೆ ಕೈಗಳಿಗೆ ಹಂಚಿದ್ದು ಈ ಚಿತ್ರದ ದೊಡ್ಡ ಗೆಲುವು. ಯಂತ್ರಗಳಿಗೆ ಎಣ್ಣೆ ಹಾಕುವ ಗ್ರೀಸರ್ ಬಾಯ್ಲ್ (ಮರ್ವಿನ್ ಜಾನ್ಸ್) ದೋಣಿಗೆ ಇಳಿಯುವಾಗಲೇ ಒಳಗೆ ಪೆಟ್ಟು ತಿಂದವನು. ಅದನ್ನು ಹೇಳಿಕೊಳ್ಳದೆ ಎಂಜಿನ್ ಕೋಣೆಯಲ್ಲಿ ದುಡಿಯುತ್ತಾನೆ, ದಡ ಸೇರುವ ಮುಂಚೆ ಸಾಯುತ್ತಾನೆ. ಈ ಸಾವನ್ನು ಚಿತ್ರ ಹಿಗ್ಗಿಸುವುದಿಲ್ಲ. ಉಳಿದವರು ಮತ್ತೆ ಕೆಲಸಕ್ಕೆ ಮರಳಬೇಕು, ಮರಳುತ್ತಾರೆ.

ಹಡಗು ನವೆಂಬರ್ 16ಕ್ಕೆ ಸ್ಕಾಟ್ಲೆಂಡಿನ ಕ್ಲೈಡ್ ತಲುಪಿತು, ಹೆಚ್ಚುಕಡಿಮೆ ಅಷ್ಟೂ ಪೆಟ್ರೋಲಿನೊಂದಿಗೆ. ಎಳೆದುಕೊಂಡು ಹೋಗಲು ಬಂದ ಟಗ್ಗನ್ನು ಇವರು ಬೇಡವೆಂದರು. ಕಾರಣ ಹಣ: ಅಪಾಯದಲ್ಲಿದ್ದ ಹಡಗನ್ನು ತಾವಾಗಿ ಉಳಿಸಿದವರಿಗೆ ಸಲ್ಲುವ ಸಾಲ್ವೇಜ್ ಹಣದಲ್ಲಿ ಟಗ್ಗಿನವರೂ ಪಾಲು ಕೇಳುತ್ತಿದ್ದರು. ಕೋರ್ಟು ಈ ನಾವಿಕರಿಗೆ 14,700 ಪೌಂಡು ಕೊಡಿಸಿತು. ಬಾಯ್ಲ್‌ನ ಪಾಲು ಅವನ ವಾರಸುದಾರರಿಗೆ ಹೋಯಿತು. ಚಿತ್ರ ಹಣದ ಮಾತನ್ನು ಮುಚ್ಚಿಡದೆ ಕೋರ್ಟಿನ ದೃಶ್ಯದಲ್ಲೇ ಕಥೆ ಮುಗಿಸುತ್ತದೆ. ಆಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಹಡಗು ಮುಳುಗಿದ ದಿನಕ್ಕೇ ನಾವಿಕನ ಸಂಬಳ ನಿಲ್ಲುವ ರೂಢಿಯಿತ್ತು, 1941ರ ಮೇ ತಿಂಗಳಲ್ಲಿ ಸರ್ಕಾರ ನಿಯಮ ಬದಲಿಸುವವರೆಗೂ. ಇದನ್ನು ತಿಳಿದು ನೋಡಿದರೆ ಆ ಕೋರ್ಟಿನ ಸಂಭ್ರಮ ತೆಳ್ಳಗೆ ಕಾಣುತ್ತದೆ. ಉಳಿಸಿದ ಸರಕಿಗೆ ಬೆಲೆ ಕಟ್ಟಿದ ವ್ಯವಸ್ಥೆ, ದೋಣಿಯಲ್ಲಿ ನಡುಗುತ್ತ ಕುಳಿತವನ ದಿನಗಳಿಗೆ ಬೆಲೆ ಕಟ್ಟಿರಲಿಲ್ಲ. ಚಿತ್ರ ಈ ಗಾಯಕ್ಕೆ ಕೈ ಹಾಕಿದ್ದರೆ ಅದರ ಕೊನೆ ಇನ್ನೂ ಗಟ್ಟಿಯಾಗುತ್ತಿತ್ತು.

ಇನ್ನೊಂದು ಕೊರತೆ ಇದೊಂದೇ ಚಿತ್ರದ್ದಲ್ಲ, ಆ ಕಾಲದ ಬ್ರಿಟಿಷ್ ಯುದ್ಧಚಿತ್ರಗಳದ್ದು. ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ದುಡಿದವರಲ್ಲಿ ಸುಮಾರು ಕಾಲು ಭಾಗ ಭಾರತದಿಂದ ಹೋದ ಖಲಾಸಿಗಳು. ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು ಅವರಿಗೆ ಸಿಗುತ್ತಿತ್ತು. 1939ರಲ್ಲಿ ಯುದ್ಧ ಶುರುವಾದಾಗ ಕೂಲಿ ಹೆಚ್ಚಿಸಿ ಎಂದು ಅವರು ಮುಷ್ಕರ ಹೂಡಿದರು, ಜೈಲಿಗೂ ಹೋದರು. ಸ್ಯಾನ್ ಡಿಮೆಟ್ರಿಯೊದ ಕಥೆಯಲ್ಲಿ ಅವರಿಗೆ ಜಾಗವಿಲ್ಲ, ಸರಿ. ಅವರದೇ ಕಥೆಗೆ ಬೇರೆ ಒಂದು ಚಿತ್ರವನ್ನಾದರೂ ಕೊಡಬೇಕಿತ್ತು ಎಂಬ ನೋವು ಈ ಸಾಲಿನ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನಲ್ಲಿ ಏಳುತ್ತದೆ.

ಈ ಚಿತ್ರದ ಮರುವರ್ಷ ಬಂದ ‘ವೆಸ್ಟರ್ನ್ ಅಪ್ರೋಚಸ್’ ನಿಜವಾದ ನಾವಿಕರನ್ನೇ ದೋಣಿಯಲ್ಲಿ ಕೂರಿಸಿ, ನಿಜವಾದ ಕಡಲಿನಲ್ಲಿ, ಬಣ್ಣದಲ್ಲಿ ಚಿತ್ರಿಸಿತು. ಕಡಲನ್ನು ನೋಡಬೇಕಾದರೆ ಅದು ಮೇಲು. ಕೆಲಸವನ್ನು, ಯಂತ್ರದ ಮುಂದೆ ನಿಂತ ಮನುಷ್ಯನ ಬುದ್ಧಿಯನ್ನು ನೋಡಬೇಕಾದರೆ ಸ್ಯಾನ್ ಡಿಮೆಟ್ರಿಯೊವೇ ಮೇಲು. ಚಿತ್ರ ತೆರೆಗೆ ಬರುವ ಹೊತ್ತಿಗೆ ಆ ಹಡಗು ಉಳಿದಿರಲಿಲ್ಲ; 1942ರ ಮಾರ್ಚಿನಲ್ಲಿ ಅಮೆರಿಕದ ಕರಾವಳಿಯಾಚೆ ಜರ್ಮನ್ ಸಬ್‌ಮರೀನ್ ಅದನ್ನು ಮುಳುಗಿಸಿತ್ತು. ಮೊದಲ ಅರ್ಧ ಗಂಟೆಯನ್ನು ತಾಳ್ಮೆಯಿಂದ ದಾಟಿ, ಎಂಜಿನ್ ಕೋಣೆಯ ಆ ನಡುಭಾಗಕ್ಕಾಗಿ ಈ ಚಿತ್ರವನ್ನು ನೋಡಿ.