ತಟ್ಟೆ ಎತ್ತುವ ಕೈ

ನಮ್ಮ ಕವಿಗೋಷ್ಠಿಗಳಲ್ಲಿ ಅವ್ವನ ಮೇಲೆ ಪದ್ಯ ಓದದ ಹುಡುಗ ಅಪರೂಪ. ಲಂಕೇಶರ ‘ಅವ್ವ’ ಬಂದ ಮೇಲಂತೂ ಅವ್ವಂದಿರದೇ ಸುಗ್ಗಿ. ಓದಲಿ, ಬ್ಯಾಡ ಅನ್ನೋರು ಯಾರು? ಆದರೆ ಆ ಅವ್ವನೇ ಗಂಡುಮಗನಿಗೆ ಮೊದಲು ಮುದ್ದೆ ಇಕ್ಕಿ, ತಳ ಕೆರೆದದ್ದನ್ನು ಮಗಳಿಗೆ ಬಿಟ್ಟದ್ದು ಈ ಪದ್ಯಗಳಲ್ಲಿ ಯಾಕೆ ಬರುವುದಿಲ್ಲ?

ಈ ಪ್ರಶ್ನೆ ಇಟ್ಟುಕೊಂಡು ದೇವನೂರ ಮಹಾದೇವರ ‘ಒಡಲಾಳ’ವನ್ನು ಮತ್ತೆ ಓದಬೇಕು. ಅದರ ಹಸಿವಿನ ಬಗ್ಗೆ, ಭಾಷೆಯ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಆ ಮನೆಯವರು ಕೂತ ರೀತಿಯನ್ನು ಮಾತ್ರ ಸರಿಯಾಗಿ ನೋಡಿಲ್ಲ. ಕದ್ದು ತಂದ ಕಡ್ಲೇಕಾಯಿ ಮೂಟೆಯ ಸುತ್ತ ಸಾಕವ್ವ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮೊಮ್ಮಕ್ಕಳು ಒಟ್ಟಿಗೇ ಕೂತು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ. ಬಡಿಸುವವಳು ಬೇರೆ, ಉಣ್ಣುವವನು ಬೇರೆ ಎಂಬುದು ಅಲ್ಲಿಲ್ಲ. ಮನೆಯ ಯಜಮಾನಿಕೆಯೂ ಮುದುಕಿ ಸಾಕವ್ವನ ಬಾಯಲ್ಲೇ ಇದೆ. ಗಂಡಸುತನ ರಕ್ತದಲ್ಲಿ ಬರುವುದಾದರೆ ಆ ರಾತ್ರಿ ಅದು ಎಲ್ಲಿ ಹೋಗಿತ್ತು? ಮಹಾದೇವ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ, ಸುಮ್ಮನೆ ಕೂರಿಸಿ ತೋರಿಸುತ್ತಾರೆ. ನಮ್ಮ ಎಷ್ಟೋ ಕ್ರಾಂತಿ ಕವನಗಳಿಗಿಂತ ಇದು ದೊಡ್ಡದು.

ಹಾಗಂತ ಕೇರಿಯ ಗಂಡಸು ಸಾಚಾ ಅಲ್ಲ. ಹಗಲೆಲ್ಲ ಗೌಡನ ಜಗುಲಿ ಮುಂದೆ ಕೈಕಟ್ಟಿ ನಿಂತವನು ರಾತ್ರಿ ಕುಡಿದು ಬಂದು ಹೆಂಡ್ತಿ ಜುಟ್ಟು ಹಿಡೀತಾನೆ. ಕಂಬಳಿಯೊಳಗಿಂದ ನೋಡುವ ಮಗ ಎರಡು ಪಾಠ ಒಟ್ಟಿಗೇ ಕಲೀತಾನೆ: ಮೇಲಿನವನಿಗೆ ಬಾಗು, ಕೆಳಗಿನವಳಿಗೆ ಒದಿ. ಅಳು ಬಂದರೆ ‘ಏನ್ಲಾ, ಹೆಣ್ಣಿಗನ್ ಹಂಗೆ’ ಅಂತಾರೆ. ಅಲ್ಲಿಗೆ ಅಳುವೂ ಹೋಯಿತು. ಇದೇ ಮಗ ಓದಿ ನೌಕರಿ ಹಿಡಿದ ಮೇಲೆ, ಕೂಲಿ ದುಡಿದು ಗಂಡನಿಗೆ ಎದುರಾಡುತ್ತಿದ್ದ ಅವ್ವನನ್ನು ಹಾಡುತ್ತಾನೆ. ಹೆಂಡತಿಗೆ ಮಾತ್ರ ಹೊಸಲು ದಾಟಗೊಡುವುದಿಲ್ಲ. ಮೇಲ್ಜಾತಿ ಮನೆಯಿಂದ ಎರವಲು ತಂದ ಈ ದಿಗ್ಬಂಧನಕ್ಕೆ ‘ಮರ್ಯಾದಸ್ಥರ ಮನೆ’ ಅಂತ ಹೆಸರು ಬೇರೆ.

ಉಂಡ ತಟ್ಟೆಯನ್ನು ತಂಗಿ ಎತ್ತುವುದನ್ನು ದಿನಾ ನೋಡುವ ಹುಡುಗನಿಗೆ ತನ್ನ ಎಂಜಲು ಬಳಿಯಲು ಇನ್ನೊಬ್ಬರು ಹುಟ್ಟಿದ್ದಾರೆ ಎಂಬ ನಂಬಿಕೆ ಮೈಗೂಡುತ್ತದೆ. ಜಾತಿ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಬೀದಿಯಲ್ಲಿ ಅದನ್ನು ಸುಡುವವರು ಅಡುಗೆಮನೆಯಲ್ಲಿ ಅದಕ್ಕೆ ನೀರೆರೆಯುತ್ತಿದ್ದೇವೆ.

1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಮದುವೆಯಾದ ಹೆಣ್ಣು ಗಂಡನಿಗೆ ಸರಿಸಮಳಾಗಿ, ಗೆಳತಿಯಾಗಿ ನಿಲ್ಲಬೇಕು, ಗುಲಾಮಳಾಗಲು ಒಪ್ಪಬಾರದು ಎಂದು ಹೇಳಿದರು. ಆ ಭಾಷಣವನ್ನು ನಮ್ಮ ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ಓದಿ ಹೇಳುವುದುಂಟು. ಗಂಡುಹುಡುಗರನ್ನು ಕೂರಿಸಿಕೊಂಡು ಓದಿಸಿದ್ದನ್ನು ನಾನಂತೂ ಕಂಡಿಲ್ಲ.