ಸಿದ್ದಿಯರ ಕೌದಿ: ಕುಲಮೂಲದ ವಿಮರ್ಶೆಗೊಂದು ಆಕ್ಷೇಪ

ಹೈದರಾಬಾದಿನ ತಾರ್ನಾಕದಿಂದ ಉಪ್ಪಲ್ ಕಡೆಗೆ ಹೊರಟವರಿಗೆ ಮೊದಲು ಎದುರಾಗುವ ಬಡಾವಣೆ ಹಬ್ಸಿಗೂಡ. ಆಫ್ರಿಕದಿಂದ ಬಂದವರನ್ನು ಕುರಿತು ದಖ್ಖನಿನಲ್ಲಿ ಬಳಕೆಯಲ್ಲಿದ್ದ 'ಹಬ್ಶಿ' ಎಂಬ ಮಾತೇ ಈ ಹೆಸರಿನ ಮೂಲವೆಂದು ರೂಢಿಯಲ್ಲಿ ಹೇಳುವರು. ನಿಜಾಮರ ಆಫ್ರಿಕನ್ ರಾವುತರ ನೆನಪು ಅದೇ ನಗರದ ಎ.ಸಿ. ಗಾರ್ಡ್ಸ್ ಎಂಬ ಹೆಸರಿನಲ್ಲಿಯೂ ಉಳಿದಿದೆ. ಈ ಹಬ್ಸಿಗೂಡದಲ್ಲಿರುವ ಸಿ.ಸಿ.ಎಂ.ಬಿ. ಸಂಶೋಧನಾಲಯದ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತುಗಳ ಸಿದ್ದಿ ಜನರನ್ನು ಕುರಿತು ನಡೆಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಸಿದ್ದಿಯರಲ್ಲಿ ಬಾಂಟೂ ಭಾಷೆಗಳನ್ನಾಡುವ ಆಫ್ರಿಕನ್ನರ ವಂಶಾಂಶವು ಪ್ರಧಾನವಾಗಿರುವುದೆಂದೂ, ಭಾರತೀಯರೊಡನೆ ಆದ ಬೆರಕೆ ಸುಮಾರು ಇನ್ನೂರು ವರ್ಷಗಳ ಈಚಿನದೆಂದೂ ಅದು ಸ್ಥಾಪಿಸಿತು.

ಅದೇ ವರ್ಷ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಉತ್ತರಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರು ಹೊಲಿದ ಕೌದಿಗಳ ಪ್ರದರ್ಶನ ನಡೆಯಿತು. ಇದರ ಹಿಂದೆ ಇದ್ದವರು ಹೆನ್ರಿ ಡ್ರೂವಲ್. ಆಫ್ರಿಕದ ಯೊರುಬಾ ಕಲೆಯಲ್ಲಿ ಪರಿಣತರಾದ ಅಮೆರಿಕದ ವಿದ್ವಾಂಸರು. ಅವರ ನೆರವಿನಿಂದ 2004ರಲ್ಲಿ ಈ ಸ್ತ್ರೀಯರ ಸಹಕಾರ ಸಂಘವೂ ಏರ್ಪಟ್ಟಿತ್ತು. ಕನ್ನಡ ವಿಮರ್ಶೆ ಕಣ್ಣೆತ್ತಿಯೂ ನೋಡದಿದ್ದ ವಸ್ತುವೊಂದಕ್ಕೆ ದೂರದವರೊಬ್ಬರು ಮರ್ಯಾದೆ ತಂದರೆಂಬುದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ.

ಆದರೆ ಮರ್ಯಾದೆಯೊಡನೆ ಒಂದು ತೊಡಕೂ ಬಂದಿದೆ. ಸಿದ್ದಿಯರ ಕೌದಿಯನ್ನು ಗೋಡೆಗೆ ತೂಗಿ ನೋಡುವವರಿಗೆ ಅಮೆರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬ ಹಳ್ಳಿಯ ಆಫ್ರಿಕನ್ ಸಂತತಿಯ ಸ್ತ್ರೀಯರ ಕೌದಿಗಳು ನೆನಪಾಗುತ್ತವೆ. ಅಲ್ಲಿಯೂ ಇಲ್ಲಿಯೂ ತೇಪೆಗಳು ಲೆಕ್ಕದ ಸಾಲಿಗೆ ಸಿಕ್ಕುವುದಿಲ್ಲ. ಬಣ್ಣಗಳು ಲಯ ತಪ್ಪಿದಂತೆ ತೋರಿ ಮತ್ತೆ ಕೂಡಿಕೊಳ್ಳುತ್ತವೆ. ಇಂಥ ತಪ್ಪುಲಯವು ಪಶ್ಚಿಮ ಆಫ್ರಿಕದ ಮಂಡೆ ಜನರ ನೇಯ್ಗೆಯಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದುದೆಂದು ರಾಬರ್ಟ್ ಫ್ಯಾರಿಸ್ ಥಾಂಪ್ಸನ್ 1983ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ಅದೇ ಸೂತ್ರವನ್ನು ಯಲ್ಲಾಪುರ, ಹಳಿಯಾಳಗಳಿಗೂ ಅನ್ವಯಿಸಿ 'ಇದು ಆಫ್ರಿಕದ ನೆನಪು' ಎಂದುಬಿಡುವುದು ಸುಲಭ.

ಸುಲಭವೇ ಹೊರತು ಸರಿಯಲ್ಲ. ಕಿರುಮಗ್ಗದಲ್ಲಿ ಪಟ್ಟಿಪಟ್ಟಿಯಾಗಿ ನೆಯ್ದು ಜೋಡಿಸುವ ಪದ್ಧತಿ ಪಶ್ಚಿಮ ಆಫ್ರಿಕದ್ದು. ಘಾನಾದ ಕೆಂಟೆ ವಸ್ತ್ರ ಅದರ ಪ್ರಖ್ಯಾತ ಉದಾಹರಣೆ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಾದರೋ ಬಹುಮಟ್ಟಿಗೆ ಪೂರ್ವತೀರದ ಮೊಜಾಂಬಿಕಿನವರು. ಈ ಎರಡರ ನಡುವೆ ಒಂದು ಖಂಡವೇ ಹರಡಿಕೊಂಡಿದೆ. ಅಷ್ಟೇ ಅಲ್ಲ, ಹದಿನೆಂಟನೆಯ ಶತಮಾನದಲ್ಲಿ ಮೊಜಾಂಬಿಕಿನ ಪೇಟೆಗಳಲ್ಲಿ ದಂತವನ್ನೂ ಮನುಷ್ಯರನ್ನೂ ಕೊಳ್ಳಲು ನಾಣ್ಯದಂತೆ ಸಲ್ಲುತ್ತಿದ್ದುದು ಗುಜರಾತಿನ ಹತ್ತಿಬಟ್ಟೆ. ಆಫ್ರಿಕದ ಮಣಿಗೆಲಸವೆಂದು ಕೊಂಡಾಡುವುದರಲ್ಲಿಯೂ ಇದೇ ಕಥೆಯುಂಟು: ದಕ್ಷಿಣ ಆಫ್ರಿಕದ ಮಾಪುಂಗುಬ್ವೆಯಲ್ಲಿ ದೊರೆತ, ಸುಮಾರು ಎಂಟುನೂರು ವರ್ಷ ಹಳೆಯದಾದ ಗಾಜಿನ ಮಣಿಗಳಲ್ಲಿ ಭಾರತದಿಂದ ಹೋದವು ಇವೆ. ಬಟ್ಟೆಯಲ್ಲಿ, ಮಣಿಯಲ್ಲಿ ಕುಲಶುದ್ಧಿಯನ್ನು ಅರಸುವವರಿಗೆ ಹಿಂದೂ ಮಹಾಸಾಗರವು ಒಳ್ಳೆಯ ಸಾಕ್ಷಿಯಾಗಲಾರದು.

ಕೌದಿಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ ನೋಡಿದರೆ ಬೇರೊಂದು ವಿವರಣೆ ಸಿಕ್ಕುತ್ತದೆ. ಸಿದ್ದಿ ಸ್ತ್ರೀಯರು ಇದನ್ನು ಕವಂದಿ ಎನ್ನುವರು. ಹಳೆಯ ಸೀರೆಯನ್ನೋ ದಟ್ಟಿಯನ್ನೋ ಅಡಿಗೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತೇಪೆಗಳನ್ನು ಇಡುತ್ತ, ಸುತ್ತು ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ತೇಪೆಯನ್ನು ಹಿಡಿದಿಡುವ ಹೊಲಿಗೆಯೇ ಪದರಗಳನ್ನೂ ಕೂಡಿಸುತ್ತದೆ. ಮೊದಲೇ ಗೀಚಿಕೊಂಡ ನಕ್ಷೆಯಿಲ್ಲ. ಹೊಲಿಯುವವಳು ಬಟ್ಟೆಯ ಸುತ್ತ ತಾನೇ ಸರಿಯುತ್ತಾಳೆ, ಇಲ್ಲವೇ ಬಟ್ಟೆಯನ್ನು ತಿರುಗಿಸಿಕೊಳ್ಳುತ್ತಾಳೆ. ಆದ್ದರಿಂದ ಕವಂದಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಒಳಸುತ್ತುಗಳಿಗೆ ಬಂದಂತೆ ಉಳಿದ ಜಾಗ ಕಿರಿದಾಗುವುದು. ಕೈಗೆ ಸಿಕ್ಕ ಚಿಂದಿಯ ಅಳತೆಗೂ ಉಳಿದ ಜಾಗದ ಅಳತೆಗೂ ಹೊಂದಾಣಿಕೆಯಾಗಬೇಕು. ಗೋಡೆಯ ಮೇಲೆ ತಪ್ಪುಲಯವಾಗಿ ಕಾಣುವುದು ಬಹುಪಾಲು ಈ ಹೊಂದಾಣಿಕೆಯ ಫಲ. ಇದನ್ನು ವಿವರಿಸಲು ರಕ್ತದ ನೆನಪು ಬೇಕಾಗಿಲ್ಲ. ಅಂಚಿನಿಂದ ನಡುವಿಗೆ ಹೊಲಿದು ಬರುವ ಈ ಕ್ರಮವಾದರೂ ಉತ್ತರ ಕರ್ನಾಟಕದ ಕೌದಿಗೂ ಮಹಾರಾಷ್ಟ್ರದ ಗೋಧಡಿಗೂ ಹೊರತಾದುದಲ್ಲ.

ಹಾಗೆಂದು ಇದನ್ನು ಬರಿಯ 'ನೆರೆಯವರಿಂದ ಕಲಿತದ್ದು' ಎಂದು ತಳ್ಳಿಹಾಕುವ ವಿಮರ್ಶೆ ಮೊದಲಿನದಕ್ಕಿಂತ ಕೆಟ್ಟದ್ದು. ಕಲಿತ ಭಾಷೆಯಲ್ಲಿ ಒಳ್ಳೆಯ ಕಾವ್ಯ ಬರೆದವನಿಗೆ ಕಾವ್ಯ ನಿನ್ನದಲ್ಲವೆಂದು ಯಾರೂ ಹೇಳುವುದಿಲ್ಲ. ಸೂಜಿ ಹಿಡಿದವಳಿಗೆ ಮಾತ್ರ ಹೇಳುವುದುಂಟು. ಸಿದ್ದಿಯರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಕವಂದಿಯ ಮೇಲೆ ಒಬ್ಬಳು ಅರ್ಧಚಂದ್ರವನ್ನು ಕೂಡಿಸಿದರೆ ಮತ್ತೊಬ್ಬಳು ಶಿಲುಬೆಯನ್ನು ಕೂಡಿಸುತ್ತಾಳೆ. ಆದರೆ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಡಿಸಿ ತ್ರಿಕೋನವಾಗಿ ಕೂಡಿಸುವ 'ಫುಲಾ' ಎಂಬ ಹೂವನ್ನು ಇಡುವ ರೂಢಿ ಈ ಭೇದವನ್ನು ಎಣಿಸುವುದಿಲ್ಲ. ಫುಲಾ ಇಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. ಹೊದ್ದವರಿಗೆ ಅದರಿಂದ ಬೆಚ್ಚಗಾಗುವುದಿಲ್ಲ, ಬಟ್ಟೆಗೆ ಬಲವೂ ಬಾರದು. ಬಡತನದ ಚಿಂದಿಯಿಂದ ಕಟ್ಟಿದ ವಸ್ತುವಿನಲ್ಲಿ ಪ್ರಯೋಜನವಿಲ್ಲದ ಈ ನಾಲ್ಕು ಹೂಗಳಿಗಾಗಿ ಬಟ್ಟೆಯನ್ನೂ ವೇಳೆಯನ್ನೂ ವೆಚ್ಚ ಮಾಡುವ ಮನಸ್ಸನ್ನು ಕಲಾಪ್ರಜ್ಞೆಯೆನ್ನದೆ ಬೇರೇನೆನ್ನಬೇಕು?

ಆಫ್ರಿಕದ ನೆನಪನ್ನು ಹುಡುಕುವವರು ಸಿದ್ದಿಯರ ಡಮಾಮಿ ವಾದ್ಯದಲ್ಲಿ, ಅದರೊಡನೆ ನಡೆಯುವ ಕುಣಿತದಲ್ಲಿ ಹುಡುಕಲಿ. ಹೈದರಾಬಾದಿನ ಸಿದ್ದಿಯರಿಗೂ ಮರ್ಫಾ ವಾದ್ಯವೇ ಹೆಸರು ತಂದಿತು. ವಾದ್ಯಕ್ಕೆ ಸಲ್ಲುವ ಸಾಕ್ಷ್ಯ ಬಟ್ಟೆಗೂ ಸಲ್ಲಬೇಕೆಂಬ ನಿಯಮವಿಲ್ಲ. ಉತ್ತರಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅಂಥ ಜನರಿಗೆ ತಮ್ಮ ಭಿನ್ನತೆಯನ್ನು ಎಲ್ಲ ವಸ್ತುಗಳಲ್ಲಿಯೂ ತೋರಿಸಿಕೊಡಿರೆಂದು ಪಂಡಿತರೂ ಕೊಳ್ಳುವವರೂ ಒತ್ತಾಯ ಮಾಡುವುದು ಹೊಸ ಬಗೆಯ ಭಾರ. ಹಳಿಯಾಳದ ಒಂದು ಊರಿನಲ್ಲಿ ಸಿದ್ದಿ ಮನೆಯ ಕವಂದಿಯನ್ನೂ ನೆರೆಮನೆಯ ಕೌದಿಯನ್ನೂ ಅಕ್ಕಪಕ್ಕ ಹಾಸಿ, ಮೂಲೆಯ ಮಡಿಕೆ, ತೇಪೆಯ ಅಳತೆ, ಹೊಲಿಗೆಯ ಅಂತರಗಳನ್ನು ನೋಡಿ, ಹೊಲಿದವರಿಬ್ಬರನ್ನೂ ಕೂರಿಸಿ ಕೇಳಿದರೆ, ಯಾವುದು ಯಾರಿಂದ ಬಂದಿತೆಂಬುದಕ್ಕೆ ಅವರೇ ಒಂದು ಉತ್ತರ ಕೊಟ್ಟಾರು.